ಹಗೇವಿನ ಜಾಮೀನು

"ಗುರುಗಳೇ, ನಂಬಿ ಒಪ್ಪಿಸಿದ್ದನ್ನು ನುಂಗಿದವನಿಗೂ ನ್ಯಾಯಾಲಯ ಜಾಮೀನು ಕೇಳುತ್ತದೆ, ವಾಯಿದೆ ಕೊಡುತ್ತದೆ. ಕಳ್ಳನೆಂದು ಊರಿಗೆಲ್ಲ ಗೊತ್ತಿದ್ದ ಮೇಲೆ ಇಷ್ಟೆಲ್ಲ ಯಾಕೆ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನವರು ಬಿತ್ತನೆಯ ರಾಗಿಯನ್ನು ಒಬ್ಬ ವ್ಯಾಪಾರಿಯ ಹಗೇವಿನಲ್ಲಿ ಇಡುತ್ತಿದ್ದರು. ಹಗೇವು ನೆಲದಡಿಯದು. ಬಾಯಿ ಮುಚ್ಚಿದ ಮೇಲೆ ಒಳಗೆ ಎಷ್ಟಿದೆಯೆಂದು ಯಾರಿಗೂ ಕಾಣದು. ಒಂದು ವರ್ಷ ಮುಂಗಾರಿಗೆ ಮೊದಲು ತೆರೆದಾಗ ಅರ್ಧ ಇರಲಿಲ್ಲ. ನೀರು ಇಳಿದು ಕೊಳೆಯಿತು, ತೆಗೆದು ಎಸೆದೆ ಎಂದ ವ್ಯಾಪಾರಿ. ಯಾರೂ ಒಪ್ಪಲಿಲ್ಲ. ಒಬ್ಬ ರೈತ ದೂರು ಕೊಟ್ಟ. ಪೊಲೀಸರು ವ್ಯಾಪಾರಿಯನ್ನು ಹಿಡಿದರು, ಹಗೇವಿಗೆ ಮುದ್ರೆ ಹಾಕಿದರು.

ನ್ಯಾಯಾಧೀಶರು ಆರೋಪ ಓದಿಸಿದರು. "ಇವನಿಗೆ ಜಾಮೀನು ನಿಲ್ಲುವವರಿದ್ದಾರೆಯೇ?" ಎಂದರು.

ರೈತ ಹಿಂದೆ ತಿರುಗಿ ಊರವರನ್ನು ದುರುಗುಟ್ಟಿ ನೋಡಿದ. ಯಾರೂ ಏಳಲಿಲ್ಲ. ವ್ಯಾಪಾರಿಯನ್ನು ಜೈಲಿಗೆ ಕಳುಹಿಸಿದರು.

ಆಮೇಲೆ ರೈತ ಕೈಮುಗಿದ. "ಸ್ವಾಮಿ, ಮಳೆ ಹತ್ತಿರವಾಯಿತು. ಉಳಿದ ಬೀಜ ಬಿಡಿಸಿಕೊಡಿ. ನಾನು ಎಲ್ಲರಿಗೂ ಹಂಚುತ್ತೇನೆ."

"ವಿಚಾರಣೆ ಮುಗಿಯುವವರೆಗೆ ಅದು ನ್ಯಾಯಾಲಯದ ವಶದ ಸೊತ್ತು. ನಿನ್ನ ಕೈಗೆ ಕೊಡಬಹುದು. ನೀನು ಸರಿಯಾಗಿ ಹಂಚುತ್ತೀಯೆಂದು ಒಬ್ಬರು ಜಾಮೀನು ನಿಲ್ಲಲಿ."

ರೈತ ಮತ್ತೆ ತಿರುಗಿದ. ಪಕ್ಕದ ಹೊಲದವನು ನೆಲ ನೋಡಿದ.

"ಪಕ್ಕದವನ ಬದು ಒತ್ತಿದವನ ಕೈಗೆ ಬೀಜವೂ ಸಿಕ್ಕರೆ ಆಯಿತು, ಬಿಡಿ" ಎಂದು ಹಿಂದಿನಿಂದ ಯಾರೋ ಅಂದರು. ಒಂದಿಬ್ಬರು ನಕ್ಕರು.

"ಯಾರೂ ಇಲ್ಲವೇ?" ಎಂದರು ನ್ಯಾಯಾಧೀಶರು.

ರೈತ ನ್ಯಾಯಾಧೀಶರ ಕಡೆ ತಿರುಗಿದ. "ಒಬ್ಬನಿದ್ದಾನೆ, ಸ್ವಾಮಿ. ನನ್ನ ಎತ್ತುಗಳು ಪರರ ಹೊಲ ಮೇಯ್ದವೆಂದು ದೊಡ್ಡಿಗೆ ಹಾಕಿದಾಗಲೂ ಅವನೇ ಜಾಮೀನು ನಿಂತಿದ್ದ."

"ಕರೆಸು."

"ಈಗ ತಾನೇ ಜೈಲಿಗೆ ಕಳುಹಿಸಿದಿರಿ."

ಹಗೇವಿನ ಮುದ್ರೆ ಹಾಗೆಯೇ ಉಳಿಯಿತು. ಮುಂಗಾರು ಬಂದು ಹೋಯಿತು. ಆ ವರ್ಷ ಊರಿನ ಹೊಲಗಳು ಬಿತ್ತದೆ ಬಿದ್ದಿದ್ದವು.

ಗುರು ನಿಲ್ಲಿಸಿದರು.

"ಹಾಗಾದರೆ ವ್ಯಾಪಾರಿ ಕದ್ದಿರಲಿಲ್ಲವೇ?" ಎಂದು ಶಿಷ್ಯ ಕೇಳಿದ.

"ಅದನ್ನು ನ್ಯಾಯಾಲಯ ಹೇಳಲಿ. ನಾಳೆ ನಿನಗೆ ಜಾಮೀನು ನಿಲ್ಲುವವರು ಯಾರು?"