ಕೊಟ್ರವ್ವ ಹೊಗೆ ತೂಗಿದ್ದು

ಒಂದಾನೊಂದು ಊರಿನಲ್ಲಿ, ಈ ಊರಲ್ಲ, ಪಕ್ಕದ ಊರೂ ಅಲ್ಲ, ಅದಕ್ಕೂ ಆಚೆಯ ಊರಿನಲ್ಲಿ, ಕೊಟ್ರವ್ವ ಎಂಬ ಹೆಂಗಸು ಮಂಡಕ್ಕಿ ಮಾರಿಕೊಂಡಿದ್ದಳು. ಮಂಡಕ್ಕಿ ತೂಗುವುದೆಂದರೆ ಸುಲಭವಲ್ಲ ಕೇಳಿ. ಗಾಳಿ ಬೀಸಿದರೆ ಅರ್ಧ ಮಂಡಕ್ಕಿ ಪಕ್ಕದ ಅಂಗಡಿಗೆ ಹೋಗುತ್ತದೆ. ಕೊಟ್ರವ್ವ ಉಸಿರು ಬಿಗಿಹಿಡಿದು ತೂಗುತ್ತಿದ್ದಳು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಅವಳ ತಕ್ಕಡಿಗೆ ಮಾತು ಬರುತ್ತಿತ್ತು. ಆದರೆ ಬಲು ಮಿತಭಾಷಿ.

ಆ ಊರಿನ ದೊರೆ ಗುಲಗಂಜಿರಾಯ. ಅವನಿಗೆ ಎಲ್ಲವೂ ಗುಲಗಂಜಿ ತೂಕಕ್ಕೆ ಸರಿಯಾಗಿರಬೇಕು. ಎಡಮೀಸೆ ಬಲಮೀಸೆಗಿಂತ ಅರ್ಧ ಗುಲಗಂಜಿ ಹೆಚ್ಚಾಯಿತೆಂದು ಮೂರು ದಿನ ಆಸ್ಥಾನಕ್ಕೇ ಬಂದಿರಲಿಲ್ಲ. ಅವನ ಮಂತ್ರಿ ಅಂದಾಜಪ್ಪ. ಅವನದೆಲ್ಲ ಕಣ್ಣಳತೆ. ಇಬ್ಬರಿಗೂ ಹೇಗೆ ಹೊಂದಿಕೆಯಾಗಿತ್ತೋ ಆ ದೇವರೇ ಬಲ್ಲ.

ಒಂದು ಬೆಳಿಗ್ಗೆ ಆಕಾಶ ಅರಮನೆಯ ಜಗುಲಿಗೆ ಇಳಿದು ಬಂತು. ಮೋಡದ ಚುಂಗಿನಿಂದ ಬೆವರು ಒರೆಸಿಕೊಂಡು ಕುಳಿತಿತು.

"ದೊರೆ, ನನಗೆ ತಡೆಯಲಾರದ ಸೆಖೆ. ಊರೂರಿನ ಹೊಗೆ ಸೇರಿ ಕಂಬಳಿ ಹೊದೆಸಿದ ಹಾಗಾಗಿದೆ. ಯಾರನ್ನು ಕೇಳಿದರೂ 'ನಮ್ಮದು ಸ್ವಲ್ಪವೇ' ಅಂತಾರೆ. ಹದಿನೈದು ದಿನದಲ್ಲಿ ನಿಮ್ಮೂರಿನದು ಎಷ್ಟು, ಯಾರ ಮನೆಯದು ಎಷ್ಟು, ಸರಿಯಾಗಿ ಹೇಳು. ಹೇಳದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬೇರೆ ಕಡೆ ಹೋಗ್ತೀನಿ."

ಆಕಾಶವೇ ಹೋದರೆ ಮಳೆ ಎಲ್ಲಿಂದ ಬರಬೇಕು? ಕಾಗೆಗಳು ಎಲ್ಲಿ ಹಾರಬೇಕು? ದೊರೆ ಮಂತ್ರಿಯ ಕಡೆ ನೋಡಿದ.

"ಅಂದಾಜಿನ ಪ್ರಕಾರ ಎಲ್ಲ ಕುಂಬಾರಗೇರಿಯದ್ದೇ ಮಹಾಸ್ವಾಮಿ," ಎಂದ ಅಂದಾಜಪ್ಪ. "ಕರ್ರಗೆ ಕಾಣುತ್ತಲ್ಲ. ಅವರು ಮಡಕೆ ಸುಡುವ ಆವಿಗೆಗಳನ್ನು ಆರಿಸಿಬಿಟ್ಟರೆ ಮುಗೀತು."

"ಅಂದಾಜು ಬೇಡ," ಎಂದ ದೊರೆ. "ತೂಗಬೇಕು. ನಮ್ಮೂರಲ್ಲಿ ಎಲ್ಲಕ್ಕಿಂತ ಹಗುರವಾದದ್ದನ್ನು ತೂಗುವವರು ಯಾರು?"

ಹೀಗೆ ಕೊಟ್ರವ್ವ ಹೊಗೆ ತೂಗುವ ಇಲಾಖೆಗೆ ಅಧಿಕಾರಿಯಾದಳು. ಮೊದಲು ಇಲಾಖೆಗೆ ಬೋರ್ಡು ಬಂತು. ಬೋರ್ಡು ತೂಗುಹಾಕಲು ಗೋಡೆ ಬಂತು. ಗೋಡೆಗೆ ಒರಗಲು ಒಬ್ಬ ಜವಾನ ಬಂದ. ಕೊನೆಗೆ ಹೊಗೆ ಹಿಡಿಯಲು ಚೀಲ ಬೇಕೆಂದಾಗ ರಾಣಿಯ ಪಟ್ಟೆ ಸೀರೆಗಳನ್ನೆಲ್ಲ ಹೊಲಿದು ಚೀಲ ಮಾಡಿದರು. ರಾಣಿ ನೂಲಿನ ಸೀರೆ ಉಟ್ಟುಕೊಂಡು, "ಇದೇ ತಣ್ಣಗಿದೆ," ಅಂದಳು.

ಕೊಟ್ರವ್ವನ ತವರು ಕುಂಬಾರಗೇರಿ. ಮೊದಲ ಆವಿಗೆ ಅವಳ ಅಣ್ಣ ಗುರುಸಿದ್ದನದ್ದು. ಅವನು ತಂಗಿಯನ್ನು ಪಕ್ಕಕ್ಕೆ ಕರೆದ.

"ಕೊಟ್ರೀ, ಒಂದು ಚೂರು ಕಡಿಮೆ ತೂಗವ್ವ. ಆವಿಗೆ ಆರಿದರೆ ನಮ್ಮ ಕೇರಿ ಆರಿದ ಹಾಗೆ."

ಅವನ ಹೆಗಲ ಮೇಲೆ ಕುಳಿತು ಬೆಳೆದವಳು ಅವಳು. ಆಗ ತಕ್ಕಡಿ ಮೆಲ್ಲಗೆ ಹೇಳಿತು: "ಅವ್ವಾ, ನಿನ್ನ ಕೈ ನಡುಗಿದರೆ ನಾನು ಸುಳ್ಳು ಹೇಳಬೇಕಾಗುತ್ತೆ. ನನಗೆ ಅಭ್ಯಾಸವಿಲ್ಲ."

"ಇದ್ದಷ್ಟೇ ತೂಗ್ತೀನಿ ಅಣ್ಣ," ಎಂದಳು ಕೊಟ್ರವ್ವ.

ಅಣ್ಣ ಮುಖ ತಿರುಗಿಸಿದ.

ಹೊಗೆ ತುಂಬಿದ ಚೀಲವನ್ನು ತಟ್ಟೆಗೆ ಕಟ್ಟಿದರೆ ತಟ್ಟೆ ಕೆಳಗೆ ಬರಲಿಲ್ಲ, ಮೇಲಕ್ಕೆ ಹೋಯಿತು. ಅಂದಾಜಪ್ಪ ನಕ್ಕ. ತಕ್ಕಡಿ ಮಾತ್ರ ನಗಲಿಲ್ಲ.

"ಕೆಳಗೆ ಬೀಳೋದನ್ನು ತೂಗೋದು ನನ್ನ ಕಸುಬು. ಇದು ಮೇಲಕ್ಕೆ ಬೀಳುತ್ತೆ. ನನ್ನನ್ನು ತಲೆಕೆಳಗು ಮಾಡು."

ಸರಿ, ತಕ್ಕಡಿಯನ್ನು ತಲೆಕೆಳಗಾಗಿ ನಿಲ್ಲಿಸಿದರು. ಗುಲಗಂಜಿಗಳು ಉದುರಿದವು. ಬೀಳಬಾರದೆಂದು ದೊರೆ ಅಪ್ಪಣೆ ಮಾಡಿದ. ಸರ್ಕಾರಿ ಅಪ್ಪಣೆಯಲ್ಲವೆ, ಗುಲಗಂಜಿಗಳು ಬೀಳಲಿಲ್ಲ. ಆದರೆ ತಲೆಕೆಳಗಾದ ತಕ್ಕಡಿಯ ಮುಳ್ಳು ನೋಡಬೇಕಾದರೆ ನೋಡುವವರೂ ತಲೆಕೆಳಗಾಗಬೇಕು. ಕೊಟ್ರವ್ವ ಸೀರೆ ಕಚ್ಚೆ ಕಟ್ಟಿ ತಲೆಯ ಮೇಲೆ ನಿಂತಳು. ಗೋಡೆಗೆ ಒರಗಿದ್ದ ಜವಾನನೂ ಕಾಲು ಮೇಲೆ ಮಾಡಿ ಒರಗಿದ.

ಅಣ್ಣನ ಆವಿಗೆ: ನಲವತ್ತು ಗುಲಗಂಜಿ. ಕೊಟ್ರವ್ವ ನಲವತ್ತೇ ಬರೆಸಿದಳು.

ಆಮೇಲೆ ಕೇರಿಯ ಉಳಿದ ಆವಿಗೆಗಳನ್ನು, ಕಮ್ಮಾರರ ಕುಲುಮೆಯನ್ನು ತೂಗಿದರು. ಊರಿನ ಒಲೆಗಳನ್ನೆಲ್ಲ ತೂಗಿದರು. ಎಮ್ಮೆಗಳ ತೇಗು ತೂಗಿದರು. ಎಮ್ಮೆಗಳು ಸಾಲಾಗಿ ನಿಂತು ತಮ್ಮ ಸರದಿ ಬಂದಾಗ ಮರ್ಯಾದೆಯಾಗಿ ತೇಗಿದವು. ಎಲ್ಲ ಕೂಡಿದರೆ ಮುನ್ನೂರು.

ಹದಿನಾಲ್ಕನೆಯ ದಿನ ದೊರೆ ಆಕಾಶಕ್ಕೆ ಕೂಗಿ ಹೇಳಿದ, "ಮುನ್ನೂರು."

"ಉಹೂಂ," ಎಂದಿತು ಆಕಾಶ. "ನಿಮ್ಮೂರಿನದು ಸಾವಿರ. ಒಟ್ಟು ಎಷ್ಟು ಅಂತ ನನ್ನ ಬೆನ್ನಿಗೆ ಗೊತ್ತು. ಎಲ್ಲಿಂದ ಅಂತ ಗೊತ್ತಿಲ್ಲ. ನನ್ನ ಬೆನ್ನು ನನಗೆ ಕಾಣಲ್ಲ ನೋಡು."

ಏಳುನೂರು ಎಲ್ಲಿ ಹೋಯಿತು? ಅಂದಾಜಪ್ಪನಿಗೆ ಸಂಶಯವೇ ಇರಲಿಲ್ಲ. "ಉಳಿದದ್ದನ್ನು ಕುಂಬಾರಗೇರಿಯ ಹೆಸರಿಗೆ ಬರೆದುಬಿಡಿ ಮಹಾಸ್ವಾಮಿ. ಆವಿಗೆ ಆರಿಸಲು ಆಳುಗಳನ್ನು ಕಳಿಸ್ತೀನಿ."

ಆಳುಗಳು ನೀರಿನ ಕೊಡ ಹೊತ್ತು ಹೊರಟೇಬಿಟ್ಟರು. ಆ ಕೊಡಗಳೂ ಗುರುಸಿದ್ದ ಮಾಡಿದವೇ. ತಮ್ಮನ್ನು ಸುಟ್ಟು ಗಟ್ಟಿ ಮಾಡಿದ ಬೆಂಕಿಯನ್ನು ಆರಿಸಲು ಮನಸ್ಸು ಬಾರದೆ ಅವು ದಾರಿಯುದ್ದಕ್ಕೂ ಸೋರಿ ಸೋರಿ ಬರಿದಾದವು. ಆಳುಗಳು ಮತ್ತೆ ಕೆರೆಗೆ ಹೋದರು, ಮತ್ತೆ ತುಂಬಿದರು, ಕೊಡಗಳು ಮತ್ತೆ ಬರಿದಾದವು. ಕೊಟ್ರವ್ವನಿಗೆ ಅಷ್ಟೇ ಹೊತ್ತು ಸಿಕ್ಕಿತು.

ಅವಳು ತಕ್ಕಡಿ ಹೊತ್ತು ಊರೆಲ್ಲ ಅಲೆದಳು. ತೂಗದೆ ಬಿಟ್ಟ ಹೊಗೆಯ ಜಾಗ ಒಂದೂ ಉಳಿದಿರಲಿಲ್ಲ. ದಣಿದು ಅರಮನೆಯ ಹಿತ್ತಲಲ್ಲಿ, ತಿಪ್ಪೆಗುಂಡಿಯ ಪಕ್ಕ ಕುಳಿತು ಕಣ್ಣು ಮುಚ್ಚಿದಳು. ಕಣ್ಣು ತೆಗೆದಾಗ ಖಾಲಿ ಚೀಲ ತುಂಬು ಬಸುರಿಯ ಹಾಗೆ ಉಬ್ಬಿತ್ತು.

ಹೊಗೆಯಿಲ್ಲ. ಬಣ್ಣವಿಲ್ಲ. ಗುಂಡಿಯೊಳಗೆ ಮಾತ್ರ ಬುಳುಬುಳು ಸದ್ದು.

"ಕಾಣದ್ದಕ್ಕೆ ತೂಕ ಇರಲ್ಲ ಅಂತ ಯಾರೂ ಹೇಳಿಲ್ಲವಲ್ಲ," ಎಂದಿತು ತಕ್ಕಡಿ.

ವಿಷಯ ಹೀಗಿತ್ತು. ದೊರೆಗೆ ದಿನಕ್ಕೆ ಅರವತ್ತನಾಲ್ಕು ಬಗೆಯ ಅಡುಗೆ. ಒಂದೊಂದರಲ್ಲೂ ಅವನು ಉಣ್ಣುವುದು ಒಂದೊಂದು ಗುಲಗಂಜಿ. ಮಿಕ್ಕ ಹಂಡೆಗಟ್ಟಲೆ ಅನ್ನ, ಹುಳಿ, ಪಾಯಸ ಎಲ್ಲ ಈ ಗುಂಡಿಗೆ. ವರ್ಷಗಟ್ಟಲೆ ಕೊಳೆತು ಕೊಳೆತು ಗುಂಡಿ ಮೇಲಕ್ಕೆ ಉಸಿರುಬಿಡುತ್ತಿತ್ತು.

ಕೊಟ್ರವ್ವ ತಲೆಯ ಮೇಲೆ ನಿಂತು ಮೂರು ಸಲ ತೂಗಿದಳು. ಮೂರು ಸಲವೂ ಒಂದೇ ತೂಕ. ಇದನ್ನು ಹೇಳಿದರೆ ತನ್ನ ತಲೆ ಉಳಿಯುತ್ತದೋ ಇಲ್ಲವೋ ಎಂದು ಒಂದು ಗಳಿಗೆ ಯೋಚಿಸಿದಳು. ಆಮೇಲೆ ನೆಟ್ಟಗೆ ನಿಂತು, ಕೂದಲು ಕೊಡವಿ ಗಂಟು ಹಾಕಿಕೊಂಡು, ಆಸ್ಥಾನಕ್ಕೆ ಹೋದಳು.

"ದೊರೆಗಳೆ, ಸಿಕ್ಕಿತು. ನಿಮ್ಮ ಊಟದ ಗುಂಡಿಯದು."

ಅಂದಾಜಪ್ಪ ಅವಳ ಕುತ್ತಿಗೆಯನ್ನೇ ಕಣ್ಣಳತೆ ಮಾಡುತ್ತಿದ್ದ. ದೊರೆ ಸಿಂಹಾಸನದಿಂದ ಇಳಿದು ಬಂದ.

"ಎಷ್ಟು?"

"ಆರುನೂರ ತೊಂಬತ್ತೇಳು."

"ಸುಮಾರಾಗಿ?"

"ಸುಮಾರಾಗಿ ಅಲ್ಲ ದೊರೆಗಳೆ. ಆರುನೂರ ತೊಂಬತ್ತೇಳು."

ದೊರೆ ಹಿತ್ತಲಿಗೆ ಹೋದ. ಕಿರೀಟ ತೆಗೆದು, ಅಲ್ಲೂ ಗೋಡೆಗೆ ತಲೆಕೆಳಗಾಗಿ ಒರಗಿದ್ದ ಜವಾನನ ಕಾಲಿಗೆ ತೂಗುಹಾಕಿ, ತಾನೂ ತಲೆಯ ಮೇಲೆ ನಿಂತು ಮುಳ್ಳು ನೋಡಿದ. ತುಂಬ ಹೊತ್ತು ನೋಡಿದ. ಅವನ ಮುಖ ಅರಳಿತು. ತಲೆಕೆಳಗಾಗಿದ್ದರಿಂದ ಜನಕ್ಕೆ ಅಳುವ ಹಾಗೆ ಕಂಡಿತು.

"ಎಷ್ಟು ಸರಿಯಾಗಿ ತೂಗಿದ್ದೀಯವ್ವ," ಎಂದ. "ತಪ್ಪು ನನ್ನದೇ ಆದರೂ ಇಷ್ಟು ಸರಿಯಾಗಿದ್ದರೆ ಮನಸ್ಸಿಗೆ ಹಿತವಾಗುತ್ತೆ."

ಆದರೂ ಸಾವಿರಕ್ಕೆ ಮೂರು ಕಡಿಮೆ. ಅಷ್ಟರಲ್ಲಿ ಅಂದಾಜಪ್ಪ ಒಂದು ನಿಟ್ಟುಸಿರು ಬಿಟ್ಟ. ಕೊಟ್ರವ್ವ ತಟ್ಟನೆ ಚೀಲ ಹಿಡಿದಳು. ತೂಗಿದಳು. ಮೂರು.

ಆಳುಗಳನ್ನು ಅರ್ಧ ದಾರಿಯಲ್ಲೇ ವಾಪಸು ಕರೆಸಿದರು. ಹದಿನೈದನೆಯ ದಿನ ಆಕಾಶ ಲೆಕ್ಕ ಕೇಳಿ, ಒಂದೊಂದೇ ಬೆರಳು ಮಡಿಸಿ, "ಈಗ ಸರಿ. ಇನ್ನು ಕಡಿಮೆ ಮಾಡೋದು ಎಲ್ಲಿಂದ ಅಂತ ನಿಮಗೇ ಗೊತ್ತಾಯಿತಲ್ಲ," ಎಂದು ಮೇಲೆ ಹೋಗಿ ತನ್ನ ಜಾಗದಲ್ಲಿ ಮಲಗಿತು.

ಗುಂಡಿ ಮುಚ್ಚಲು ದೊಡ್ಡದೊಂದು ಮಣ್ಣಿನ ಬೋಗುಣಿ ಬೇಕಾಯಿತು. ಅದನ್ನು ಗುರುಸಿದ್ದನೇ ಮಾಡಿಕೊಟ್ಟ. ಅದಕ್ಕೊಂದು ಕೊಳವೆ ಕೂಡಿಸಿದರು. ಕೊಳವೆಯ ತುದಿಗೆ ದೀಪ ಹಿಡಿದರೆ ಗುಂಡಿಯ ಉಸಿರಿಗೆ ನೀಲಿ ಉರಿ ಹತ್ತಿತು. ಅರಮನೆಯ ಅಡುಗೆಯೆಲ್ಲ ಅದರ ಮೇಲೇ. ಅರವತ್ತನಾಲ್ಕು ಬಗೆ ಹೋಗಿ ನಾಲ್ಕಾಯಿತು. ದೊರೆ ಮೊದಲ ಸಲ ಹೊಟ್ಟೆ ತುಂಬ ಉಂಡು, ಬೆಲ್ಟು ಸಡಿಲ ಮಾಡಿಕೊಂಡು, ಎಷ್ಟು ಉಂಡೆನೆಂದು ಕೇಳುವುದನ್ನೇ ಮರೆತ.

ಸಂಜೆ ಗುರುಸಿದ್ದ ತಂಗಿಯ ಮನೆಗೆ ಬಂದ. "ನನ್ನದು ನಲವತ್ತಲ್ಲವೇನೆ?" ಎಂದ.

"ನಲವತ್ತು ಅಣ್ಣ."

"ಮುಂದಿನ ಸಲ ಬಾ. ಒಣ ಸೌದೆ ಹಾಕ್ತೀನಿ. ಮೂವತ್ತು ಮಾಡಿ ತೋರಿಸ್ತೀನಿ."

ಕೊಟ್ರವ್ವ ನಕ್ಕು ಅವನಿಗೆ ಊಟಕ್ಕೆ ಎಲೆ ಹಾಕಿದಳು.

ಈ ಕತೆಯ ನೀತಿ ಏನೆಂದರೆ, ಮಂತ್ರಿಗಳು ನಿಟ್ಟುಸಿರು ಬಿಡುವಾಗ ಹತ್ತಿರದಲ್ಲೊಂದು ಚೀಲ ಇರಬೇಕು. ಅವರು ಅಲ್ಲಿ ತಣ್ಣಗಿದ್ದಾರೆ, ನಾವು ಇಲ್ಲಿ ಬೆಚ್ಚಗಿದ್ದೇವೆ. ಕೇಳಿದವರು ಉಸಿರು ಬಿಡಬಹುದು, ಆದರೆ ಎಷ್ಟು ಬಿಟ್ಟಿರೆಂದು ಹೇಳಿ ಹೋಗಿ.