ನೆಟ್ಟಗೆ ನಿಂತ ಗೆರೆ

"ಅಜ್ಜಾರೆ, ಅಣ್ಣ ತೀರಿಹೋದನೆಂದು ನಿನ್ನೆ ಊರಿನಿಂದ ಸುದ್ದಿ ಬಂತು. ನನಗೆ ಏನೂ ಅನ್ನಿಸಲಿಲ್ಲ. ಮಣ್ಣು ಕೊಡಲೂ ಹೋಗಲಿಲ್ಲ. ಇದು ವೈರಾಗ್ಯವೇ?" ಎಂದು ಶಿಷ್ಯ ಗುರುಪಾದ ಮಠದ ಗುರುಗಳನ್ನು ಕೇಳಿದ. ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಅಜ್ಜಾರು ಮಠಕ್ಕೆ ಬರುವ ಮೊದಲು ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ದುಡಿದವರು. ಅವರು ಹೇಳಿದರು:

ಕೂತುಕೋ ತಮ್ಮಾ. ಒಂದೂರಿಗೆ ಕೆಟ್ಟ ಜ್ವರ ಬಂದಿತ್ತು. ಒಬ್ಬ ಹೆಣ್ಣುಮಗಳು ಹೇಗೋ ಜ್ವರದಿಂದ ಎದ್ದಳು, ಆದರೆ ಅವಳ ಎದೆ ಸೋತಿತ್ತು. ಅಷ್ಟರಲ್ಲಿ ಅವಳ ಮಗಳು ಅದೇ ಜ್ವರದಿಂದ ಮಲಗಿದಳು. ತಾಯಿಯ ರಕ್ತದಲ್ಲಿ ಆ ಜ್ವರದೊಡನೆ ಹೋರಾಡುವ ಪ್ರೋಟೀನು ಇರುತ್ತದೆ, ಅದನ್ನು ಬೇರ್ಪಡಿಸಿ ಮಗಳಿಗೆ ಚುಚ್ಚೋಣ ಎಂದರು ವೈದ್ಯರು. ತಾಯಿ ರಕ್ತ ಕೊಟ್ಟಳು. ಮರುದಿನ ಸತ್ತಳು. ಇನ್ನೊಂದು ಹನಿ ಸಿಗುವಂತಿರಲಿಲ್ಲ.

ಬೇರ್ಪಡಿಸುವ ಯಂತ್ರಕ್ಕೆ ಒಂದು ಕಣ್ಣಿದೆ. ಅದರೊಳಗೆ ನೇರಳಾತೀತ ಬೆಳಕಿನ ದೀಪ. ಅದರ ಮುಂದೆ ಪ್ರೋಟೀನು ಹಾದರೆ ಪರದೆಯ ಮೇಲೆ ಗೆರೆ ಏಳುತ್ತದೆ. ಗೆರೆ ಎದ್ದರೆ ಯಂತ್ರ ಅದನ್ನು ಕೊಳವೆಯಲ್ಲಿ ಹಿಡಿದಿಡುತ್ತದೆ. ಏಳದಿದ್ದರೆ ಬರೀ ನೀರೆಂದು ಕೊಳೆಬಾಟಲಿಗೆ ಬಿಡುತ್ತದೆ. ಆ ಬಾಟಲಿಯಲ್ಲಿ ಮೊದಲೇ ಬ್ಲೀಚಿಂಗ್ ನೀರು ಹಾಕಿಡುವುದು ಅಲ್ಲಿಯ ಪದ್ಧತಿ. ರೋಗದ ರಕ್ತ ಹಾಗೇ ಮೋರಿ ಸೇರಬಾರದಲ್ಲ.

ಯಂತ್ರ ನೋಡಿಕೊಳ್ಳುವವನು ಸೋಮಾರಿಯಲ್ಲ. ದೀಪ ಹಳತಾಗಿ ತಿಂಗಳಿಂದ ಗೆರೆ ನಡುಗುತ್ತಿತ್ತು. ಅವನಿಗೆ ಆ ನಡುಕ ಕಂಡರಾಗದು. ಯಂತ್ರದ ಲೆಕ್ಕ ಬದಲಿಸಿ ನಡುಕವನ್ನು ಸಪಾಟು ಮಾಡಿದ. ಗೆರೆ ಜಾರಿದಾಗಲೆಲ್ಲ ಸೊನ್ನೆಯ ಗುಂಡಿ ಒತ್ತಿದ. ದೀಪ ಬದಲಿಸಿ ಎಂದು ಯಂತ್ರ ದಿನಾ ಬಡಕೊಳ್ಳುತ್ತಿತ್ತು, ಆ ಸದ್ದನ್ನೂ ನಿಲ್ಲಿಸಿದ. ಭಾರೀ ಜಾಣ.

ಅವತ್ತು ಗೆರೆ ಕದಲಲೇ ಇಲ್ಲ. ಇಷ್ಟು ನೆಟ್ಟಗೆ ಯಾವತ್ತೂ ನಿಂತಿರಲಿಲ್ಲ ಎಂದು ಅವನಿಗೆ ಖುಷಿಯೋ ಖುಷಿ. ರಕ್ತದಿಂದ ತೆಗೆದ ತಿಳಿನೀರನ್ನು ಯಂತ್ರಕ್ಕೆ ಬಿಟ್ಟು ಎರಡು ತಾಸು ಕಾದ. ಗೆರೆ ಏಳಲಿಲ್ಲ. ಹೊರಗೆ ಬೆಂಚಿನ ಮೇಲೆ ಹುಡುಗಿಯ ತಂದೆ ಕೂತಿದ್ದ.

"ಏನಾತ್ರಿ ಸಾಹೇಬ್ರ?" ಎಂದ ತಂದೆ.

"ನಿಮ್ಮ ಹೆಂಡತಿಯ ರಕ್ತದಲ್ಲಿ ಏನೂ ಇರಲಿಲ್ಲಪ್ಪ."

"ಹಂಗಾರ ಆಕಿ ಸುಮ್ನ ಕೊಟ್ಲೇನ್ರಿ?" ಎಂದು ಆ ತಂದೆ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಮೂರನೆಯ ದಿನ ಹುಡುಗಿ ಸತ್ತಳು. ಆಮೇಲೆ ಯಾರೋ ಯಂತ್ರದ ಮುಚ್ಚಳ ಬಿಚ್ಚಿ ನೋಡಿದರು. ದೀಪ ಸುಟ್ಟುಹೋಗಿತ್ತು. ತಾಯಿ ಕೊಟ್ಟದ್ದೆಲ್ಲ ಇತ್ತು, ಕೊಳೆಬಾಟಲಿಯ ಬ್ಲೀಚಿಂಗ್ ನೀರಿನಲ್ಲಿ ಹಾಳಾಗಿ ಕೂತಿತ್ತು. ಆ ತಂದೆಗೆ ಹೋಗಿ ಇದನ್ನು ಹೇಳುವ ಧೈರ್ಯ ಯಂತ್ರ ನೋಡಿಕೊಳ್ಳುತ್ತಿದ್ದವನಿಗೆ ಇವತ್ತಿಗೂ ಬಂದಿಲ್ಲ.

ಅಜ್ಜಾರು ತಮ್ಮ ಅಂಗೈಯನ್ನು ನೋಡಿಕೊಂಡರು. ಆಮೇಲೆ ಗುರುಪಾದನ ಕಡೆ ತಿರುಗಿದರು.

"ನಿನ್ನ ಗೆರೆಯೂ ನೆಟ್ಟಗೆ ನಿಂತಿದೆ ತಮ್ಮಾ, ದೀಪ ಉರಿಯುತ್ತಿದೆಯೋ ಇಲ್ಲವೋ ನೋಡಿಕೊಂಡೆಯಾ?"