ಬಾವಲಿಯ ಅಲಾರಾಂ, ಮುಂಗುಸಿಯ ಹೆಸರು

ಮಕ್ಕಳೇ, ಕೆರೆಯಂಚಿನ ಕಾಡಿಗೂ ಇಂಟರ್ನೆಟ್ ಬಂತು. ಪ್ರಾಣಿಗಳೇನೂ ಆಶ್ಚರ್ಯಪಡಲಿಲ್ಲ. ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ ಎಂದು ಬೈದುಕೊಂಡವು, ಅಷ್ಟೇ.

ಕೆರೆಯ ದಂಡೆಯ ಬಿಲದಲ್ಲಿ ಚಿಮ್ಮಣ್ಣ ಎಂಬ ಮುಂಗುಸಿ ಇದ್ದ. ಮಳೆಗಾಲ ಬಂತೆಂದರೆ ಬಿಲಕ್ಕೆ ನೀರು ನುಗ್ಗಿ ಹಾಸಿಗೆ ತೇಲುತ್ತಿತ್ತು. ಪಾಪ, ಕೆಮ್ಮಿ ಕೆಮ್ಮಿ ಸೊರಗಿದ್ದ. ಅದಕ್ಕೇ ತಾನೇ ಕಲಿತು ಒಂದು ಪುಟ್ಟ ಪ್ರೋಗ್ರಾಂ ಬರೆದುಕೊಂಡಿದ್ದ. ನೀರು ಬಾಗಿಲಿಗೆ ಬರುವ ಮೊದಲೇ ಅದು ಫೋನಿನಲ್ಲಿ ಗಂಟೆ ಹೊಡೆಯುತ್ತಿತ್ತು. ಕೆಲವು ಸಲ ಇಬ್ಬನಿ ಬಿದ್ದರೂ ಹೊಡೆಯುತ್ತಿತ್ತು.

ಹೀಗಿರಲು ಆನೆ ಭದ್ರಮ್ಮ ಡಂಗುರ ಹೊಡೆಸಿದಳು. "ಕಾಡಿಗೆ ಪ್ರೋಗ್ರಾಂ ಬರೆಯುವವರು ಬೇಕು. ನೀವು ಮಾಡಿದ ಕೆಲಸವನ್ನು ವೆಬ್ ಪುಟದಲ್ಲಿ ಹಾಕಿ ತೋರಿಸಿ. ಆಯ್ಕೆಯಾದವರಿಗೆ ಮತ್ತಿಮರದ ಪೊಟರೆ. ಸೋರುವುದಿಲ್ಲ."

'ಸೋರುವುದಿಲ್ಲ' ಎಂಬ ಮಾತು ಕೇಳಿ ಚಿಮ್ಮಣ್ಣನಿಗೆ ಅಳುವೇ ಬಂತು. ಆದರೆ ಇಬ್ಬನಿಗೆ ಹೆದರುವ ಗಂಟೆಯನ್ನು ತೋರಿಸಿದರೆ ನಗುವುದಿಲ್ಲವೇ?

ಬಾವಲಿ ಜೋತಮ್ಮ ತಾನು ಬರೆದ ಅಲಾರಾಂ ಒಂದನ್ನು ಎಲ್ಲರಿಗೂ ಬಿಟ್ಟುಕೊಟ್ಟಿದ್ದಳು. "ಬೇಕಾದವರು ತಗೊಳ್ಳಿ, ನನ್ನ ಹೆಸರು ಮಾತ್ರ ಹಾಗೇ ಇರಲಿ" ಎಂದು ಕೆಳಗೆ ಬರೆದಿದ್ದಳು. ಚಿಮ್ಮಣ್ಣ ತಗೊಂಡ. ಹೆಸರು ಅಳಿಸಿದ. ತನ್ನ ಹೆಸರು ಹಾಕಿ ಪುಟದ ನೆತ್ತಿಗೇರಿಸಿದ. ಒಳಗೇನಿದೆ ಎಂದು ಓದುವ ಗೋಜಿಗೇ ಹೋಗಲಿಲ್ಲ. ತನ್ನ ಗಂಟೆಯನ್ನು ಪುಟದಿಂದ ಆಚೆಗೇ ಇಟ್ಟ.

ಸಂದರ್ಶನದ ದಿನ ಸಂಜೆ ಭದ್ರಮ್ಮ ಅವನ ಅಲಾರಾಂ ತೆರೆದಳು.

"ಅಕ್ಷರಗಳೆಲ್ಲ ತಲೆಕೆಳಗಾಗಿವೆಯಲ್ಲಪ್ಪಾ?"

"ಹೊಸ ಫ್ಯಾಷನ್, ಭದ್ರಮ್ಮನವರೇ."

ಸೂರ್ಯ ಮುಳುಗಿದ. ಅಲಾರಾಂ ಕೂಗಿತು: "ಬೆಳಗಾಯ್ತು! ಏಳಿ! ಹಾರಿ!"

ಭದ್ರಮ್ಮ ಕತ್ತಲಾಗುತ್ತಿದ್ದ ಆಕಾಶ ನೋಡಿದಳು. ತನ್ನ ಕಾಲುಗಳನ್ನೂ ಒಮ್ಮೆ ನೋಡಿಕೊಂಡಳು.

"ಇರಲಿ. ಅಕ್ಷರ ಒಂದನ್ನು ಇಲ್ಲೇ ನೆಟ್ಟಗೆ ಮಾಡು, ನೋಡೋಣ."

ಚಿಮ್ಮಣ್ಣ ಫೋನು ಕೈಗೆತ್ತಿಕೊಂಡ. ಅಲ್ಲಿ ಒತ್ತಿದ, ಇಲ್ಲಿ ಒತ್ತಿದ. ಕೊನೆಗೆ ಫೋನನ್ನೇ ತಲೆಕೆಳಗೆ ಮಾಡಿ ಹಿಡಿದ.

ಕೂಗಿಗೆ ಎಚ್ಚರವಾಗಿದ್ದ ಜೋತಮ್ಮ ಕೊಂಬೆಯಿಂದಲೇ ಇಣುಕಿದಳು. "ಅಯ್ಯೋ, ಅದು ನಂದಲ್ಲವೇನೋ! ತಗೊಳ್ಳೋದಕ್ಕೆ ನಾನೇ ಹೇಳಿದ್ದೆ. ಹೆಸರು ಯಾಕೋ ಅಳಿಸಿದೆ?"

ಚಿಮ್ಮಣ್ಣ ನಾಚಿಕೆಯಿಂದ ಕುಗ್ಗಿಹೋದ. ತನ್ನ ಗಂಟೆಯ ಪ್ರೋಗ್ರಾಂ ತೆರೆದು ಮುಂದೆ ಹಿಡಿದ. "ಇದು ಮಾತ್ರ ನಿಜವಾಗಿ ನಂದೇ, ಅಮ್ಮಾ. ಆಣೆ."

ಭದ್ರಮ್ಮ ನಿಧಾನವಾಗಿ ಓದಿದಳು. "ಚೆನ್ನಾಗಿದೆ. ಕಾಡಿಗೆ ಬೇಕಾಗಿದ್ದದ್ದು ಇಂಥದ್ದೇ. ಆದರೆ ಜೋತಮ್ಮನ ಅಲಾರಾಂಗೂ ನೀನು ಹೀಗೇ ಹೆಸರು ಹಾಕಿದ್ದೆ. ಇದು ನಿನ್ನದು ಅಂತ ನಾನು ಹೇಗಪ್ಪಾ ನಂಬಲಿ?"

ಚಿಮ್ಮಣ್ಣ ಫೋನು ಹಿಂದಕ್ಕೆ ತಗೊಂಡ. ಬಿಲಕ್ಕೆ ಹಿಂದಿರುಗಿದ.

ಆ ಮಳೆಗಾಲವೆಲ್ಲ ಪೊಟರೆ ಖಾಲಿಯೇ ಬಿದ್ದಿತ್ತು. ಮೊದಲ ದೊಡ್ಡ ಮಳೆಗೆ ಚಿಮ್ಮಣ್ಣನ ಗಂಟೆ ಸರಿಯಾದ ಹೊತ್ತಿಗೆ, ಒಂದು ತಪ್ಪೂ ಇಲ್ಲದೆ ಹೊಡೆಯಿತು. ಅವನು ಹಾಸಿಗೆ ಸುತ್ತಿಕೊಂಡು ಹೊರಗೆ ಬಂದು, ನೆನೆಯುತ್ತಾ ಕೂತ. ಗಂಟೆ ಕೇಳಿದವನು ಅವನೊಬ್ಬನೇ.

ನೀತಿ: ಕಂಡವರ ಕೆಲಸಕ್ಕೆ ನಮ್ಮ ಹೆಸರು ಹಾಕಿದರೆ, ನಮ್ಮ ಕೆಲಸವನ್ನೂ ಯಾರೂ ನಮ್ಮದೆಂದು ನಂಬುವುದಿಲ್ಲ.